ಫುಪ್ಪು ಯಾಕೆ ಬರುವುದಿಲ್ಲ?

(ಕುಂತೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 

ಸಹೋದರರೇ, ಪ್ರವಾದಿವರ್ಯರು(ಸ) ಮಗಳು ಝೈನಬ್(ರ)ರ ಪುಟ್ಟ ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜಿಗೆ ನಿಂತದ್ದನ್ನು ಬುಖಾರಿಯಲ್ಲಿ ಓದುತ್ತೇವೆ. ಸುಜೂದ್‌ಗೆ ಹೋಗುವಾಗ ಮಗುವನ್ನು ಕೆಳಗಿಳಿಸುವರು, ಏಳುವಾಗ ಮತ್ತೆ ಎತ್ತಿಕೊಳ್ಳುವರು. ಅಜ್ಜನ ಹೆಗಲು ತನ್ನದೇ ಎಂಬ ಧೈರ್ಯ ಆ ಮಗುವಿಗಿತ್ತು. ನಮ್ಮ ಮಕ್ಕಳಿಗೂ ಅಜ್ಜಿ, ಮಾಮೂ, ಖಾಲಾ, ಚಿಕ್ಕಪ್ಪ, ಫುಪ್ಪು ಎಲ್ಲರೂ ತಮ್ಮವರೇ ಎಂಬ ಧೈರ್ಯ ಹುಟ್ಟಿನಿಂದಲೇ ಇರುತ್ತದೆ. ಯಾರು ಬೇಕು, ಯಾರು ಬೇಡ ಎಂಬುದನ್ನು ಅವರು ಕಲಿಯುವುದು ನಮ್ಮಿಂದ. ಆ ಪಾಠವನ್ನು ನಾವು ನಮ್ಮ ಮನೆಯಲ್ಲೇ ಹೇಳಿಕೊಟ್ಟದ್ದನ್ನು ಇಂದು ಹೇಳಬೇಕಿದೆ. ಯಾರದೋ ಮನೆಯ ಕಥೆಯೆಂದು ಹೇಳಿ ಮುಗಿಸಬಹುದಿತ್ತು. ಆದರೆ ಕೇಳುವವರಲ್ಲಿ ಅರ್ಧ ಜನಕ್ಕೆ ಸತ್ಯ ಗೊತ್ತಿದೆ. ನಮ್ಮ ಆಪಾಳ ಅನುಮತಿ ಪಡೆದೇ ಹೇಳುತ್ತಿದ್ದೇವೆ.

ನಮ್ಮ ತಂದೆ ಬಿಟ್ಟುಹೋದದ್ದು ಎರಡು ಎಕರೆ ಜಮೀನು. ಒಂದು ಭಾಗ ಹಿಪ್ಪುನೇರಳೆ, ಒಂದು ಭಾಗ ಕಬ್ಬು. ಮಕ್ಕಳು ನಾವು ಮೂವರು: ಯಳಂದೂರಿಗೆ ಕೊಟ್ಟ ಆಪಾ, ನಾವು, ನಮ್ಮ ತಮ್ಮ. ರೇಷ್ಮೆ ಸಾಕುವ ಮನೆಗಳಿಗೆ ಹೇಳಬೇಕಾಗಿಲ್ಲ, ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವಾಗ ಎಷ್ಟು ಕೈಗಳಿದ್ದರೂ ಸಾಲದು. ಹುಳು ಹಣ್ಣಾದ ದಿನವಂತೂ ಆರಿಸಿ ಚಂದ್ರಿಕೆಗೆ ಬಿಡುವುದು ತಡವಾದರೆ ಸೊಪ್ಪಿನ ನಡುವೆಯೇ ಗೂಡು ಕಟ್ಟಿಬಿಡುತ್ತವೆ. ಆ ಎರಡು ದಿನ ಆಪಾ ಬಸ್ಸು ಹತ್ತಿ ಬರುತ್ತಿದ್ದಳು. ಕೈಯಲ್ಲಿ ಮಕ್ಕಳಿಗೆ ಖಾರದ ಪೊಟ್ಟಣ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು, ಮೈ ಹೇಗೆ ಹಳದಿಯಾಗಿ ತಿಳಿಯಾಗಿದೆ ಎಂದು ಮಕ್ಕಳಿಗೆ ತೋರಿಸುತ್ತಿದ್ದವಳು ಅವಳೇ. ನಮ್ಮ ಮಗಳು ಹುಳು ಮುಟ್ಟಲು ಕಲಿತದ್ದು ಫುಪ್ಪುವಿನ ಅಂಗೈಯಲ್ಲಿ.

ತಂದೆ ತೀರಿಕೊಂಡ ಮರುವರ್ಷ ಪೌತಿ ಖಾತೆಯ ಮಾತು ಬಂತು. ಭಾವ ಒಮ್ಮೆ, ಒಂದೇ ಒಂದು ಸಲ, ಆಪಾಳ ಪಾಲಿನ ವಿಷಯ ಏನು ಎಂದು ಕೇಳಿದರು. ನಾವು ಅಣ್ಣತಮ್ಮಂದಿರು ಕೊಟ್ಟ ಉತ್ತರ ನಿಮಗೂ ಬಾಯಿಪಾಠ ಇರಬಹುದು: ಮದುವೆಗೆ ಅಷ್ಟು ಸಾಲ ಮಾಡಿದ್ದೇವೆ, ಒಡವೆ ಹಾಕಿದ್ದೇವೆ, ಮೂರು ಬಾಣಂತನ ನಮ್ಮ ಮನೆಯಲ್ಲೇ ಆಗಿದೆ. ಸಾಲದ್ದಕ್ಕೆ, ಹಕ್ಕು ಖುಲಾಸೆ ಪತ್ರಕ್ಕೆ ಒಂದು ಸಹಿ ಹಾಕಿಬಿಡು, ತವರಿನ ಬಾಗಿಲು ಯಾವಾಗಲೂ ತೆರೆದಿರುತ್ತದೆ ಎಂದೆವು. ಸಹಿ ಹಾಕದಿದ್ದರೆ ಬಾಗಿಲು ಮುಚ್ಚುತ್ತದೆ ಎಂದೇ ಅದರ ಅರ್ಥ. ಆಪಾ ಸಹಿಯನ್ನೂ ಹಾಕಲಿಲ್ಲ, ಜಗಳವನ್ನೂ ಆಡಲಿಲ್ಲ. ಬರುವುದನ್ನು ನಿಲ್ಲಿಸಿದಳು. ನಾವು ಕರೆಯುವುದನ್ನು ನಿಲ್ಲಿಸಿದೆವು.

ಆಮೇಲಿನ ಮೂರನೇ ಬೆಳೆಯಲ್ಲಿ, ಹುಳು ಆರಿಸುವ ರಾತ್ರಿ, ಐದು ವರ್ಷದ ಮಗಳು ಕೇಳಿದಳು: "ಅಬ್ಬಾ, ಫುಪ್ಪು ಯಾಕೆ ಬರುವುದಿಲ್ಲ?" ಅವಳಿಗೆ ಬಿಡುವಿಲ್ಲಮ್ಮ ಎಂದೆವು. "ಹಾಗಾದರೆ ನಾವೇ ಹೋಗೋಣ" ಎಂದಳು ಮಗು. ಒಳಗೆ ಮಲಗಿದ್ದ ನಮ್ಮ ತಾಯಿ ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು. ಅಮ್ಮ ಏನೂ ಹೇಳಲಿಲ್ಲ.

ಅಬೂದಾವೂದ್‌ನಲ್ಲಿರುವ ಹದೀಸ್ ಆ ರಾತ್ರಿ ನೆನಪಾಯಿತು. ಒಬ್ಬ ತಾಯಿ ಏನೋ ಕೊಡುತ್ತೇನೆ ಬಾ ಎಂದು ಮಗುವನ್ನು ಕರೆದಾಗ, ಏನು ಕೊಡಲಿದ್ದೀಯೆ ಎಂದು ಪ್ರವಾದಿವರ್ಯರು(ಸ) ಕೇಳಿದರು. ಖರ್ಜೂರ ಎಂದಳು ತಾಯಿ. ಏನೂ ಕೊಡದಿದ್ದರೆ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂಬುದು ಅವರ ಎಚ್ಚರಿಕೆಯ ತಾತ್ಪರ್ಯ. ಒಂದು ಖರ್ಜೂರದ ಮಾತಿಗೇ ಹೀಗೆ. ನಾವು ಮಗುವಿಗೆ ಹೇಳಿದ ಸುಳ್ಳಿನ ಹಿಂದೆ ಜಮೀನಿತ್ತು.

ಎಷ್ಟು ಜಮೀನು? ಲೆಕ್ಕ ಹಾಕಲು ನಾವು ಎಂದೂ ಕುಳಿತೇ ಇರಲಿಲ್ಲ. ಎರಡು ಎಕರೆಯೆಂದರೆ 80 ಗುಂಟೆ. ತಂದೆಯ ಸಾಲ ತೀರಿತ್ತು, ವಸಿಯ್ಯತ್ ಇರಲಿಲ್ಲ. ಮಕ್ಕಳಿರುವುದರಿಂದ ತಾಯಿಗೆ ಎಂಟನೇ ಒಂದು ಭಾಗ, 10 ಗುಂಟೆ. ಉಳಿದ 70 ಗುಂಟೆಯಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಐದು ಪಾಲು. ನಮಗೆ 28, ತಮ್ಮನಿಗೆ 28, ಆಪಾಗೆ 14. ಹದಿನಾಲ್ಕು ಗುಂಟೆಗಾಗಿ ಮೂರು ಬೆಳೆ ಕಾಲ ನಮ್ಮ ಮಕ್ಕಳಿಗೆ ಫುಪ್ಪು ಇಲ್ಲದಂತೆ ಮಾಡಿದೆವು! ತಾಯಿಯ 10 ಗುಂಟೆಯ ಮಾತನ್ನು ಯಾರೂ ಎತ್ತಿಯೇ ಇರಲಿಲ್ಲ.

ಮದುವೆಯ ಖರ್ಚು ಪಾಲಿಗೆ ವಜಾ ಆಗುವುದಿಲ್ಲ, ಸಹೋದರರೇ. ತಂದೆ ಬದುಕಿದ್ದಾಗ ಮಗಳಿಗೆ ಮಾಡಿದ್ದು ತಂದೆಯ ವಾತ್ಸಲ್ಯ. ಸತ್ತ ಮೇಲಿನ ಪಾಲು ಅಲ್ಲಾಹನು ನಿಗದಿಪಡಿಸಿದ್ದು.

ಹಿಜರಿ 3ರಲ್ಲಿ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್(ರ) ಹುತಾತ್ಮರಾದರು. ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟುಹೋಗಿದ್ದರು. ಮಕ್ಕಳ ಚಿಕ್ಕಪ್ಪ ಬಂದು ಸೊತ್ತನ್ನೆಲ್ಲ ತೆಗೆದುಕೊಂಡರು. ಆ ಕಾಲದ ಪದ್ಧತಿಯೇ ಅದು, ಊರವರಾರಿಗೂ ತಪ್ಪೆನಿಸಿರಲಾರದು. ವಿಧವೆ ತಾಯಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಪಾಲಿನ ವಚನ ಅವತೀರ್ಣವಾಯಿತು. ಪ್ರವಾದಿವರ್ಯರು(ಸ) ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ತಾಯಿಗೆ ಎಂಟನೇ ಒಂದು ಭಾಗ ಕೊಟ್ಟು, ಉಳಿದದ್ದನ್ನು ನೀನು ಇಟ್ಟುಕೋ ಎಂದು ಆದೇಶಿಸಿದರು. 24 ಪಾಲು ಮಾಡಿದರೆ ಮಕ್ಕಳಿಗೆ 16, ತಾಯಿಗೆ 3, ಚಿಕ್ಕಪ್ಪನಿಗೆ 5. ಎಲ್ಲವನ್ನೂ ತೆಗೆದುಕೊಂಡಿದ್ದವರ ಕೈಗೆ ಐದು! ತಿರ್ಮಿದಿ, ಅಬೂದಾವೂದ್ ಮುಂತಾದ ಗ್ರಂಥಗಳಲ್ಲಿ ಈ ಘಟನೆಯಿದೆ.

ಈ ಪಾಲುಗಳನ್ನು ಹೇಳುವ ಅನ್ನಿಸಾ ಅಧ್ಯಾಯದ ಮೊದಲ ವಚನವೇ ರಕ್ತಸಂಬಂಧದ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲು ಹೇಳುತ್ತದೆ. ಆ ವಚನವನ್ನು ನಾವು ನಿಕಾಹ್‌ನ ಖುತ್ಬಾದಲ್ಲಿ ಓದುತ್ತೇವೆ, ಎಲ್ಲರೂ ತಲೆದೂಗುತ್ತಾರೆ. ಹನ್ನೊಂದನೇ ವಚನದಲ್ಲಿ ಮಗಳ ಪಾಲು ಬರುತ್ತದೆ. ಮಯ್ಯತ್ ದಫನ್ ಆದ ಮೇಲೆ ಆ ಹನ್ನೊಂದನೆಯದನ್ನು ಯಾರ ಮನೆಯಲ್ಲೂ ಓದಿ ಹೇಳಿದ ನೆನಪು ನಮಗಿಲ್ಲ. ಇಷ್ಟು ವರ್ಷ ಮಿಂಬರ್ ಹತ್ತಿ ಮಾತನಾಡಿದ ನಮ್ಮದೇ ತಪ್ಪು ಇದು.

ಮಗಳನ್ನು ಕರೆದುಕೊಂಡು ಯಳಂದೂರಿಗೆ ಹೋದೆವು. ಮಗು ಓಡಿ ಹೋಗಿ ಮಡಿಲು ಸೇರಿತು. ಆಪಾ ನಮ್ಮ ಮುಖ ನೋಡಿ ಮೊದಲು ಕೇಳಿದ್ದು, "ಹುಳು ಚೆನ್ನಾಗಿ ಹಣ್ಣಾದವಾ?" ಎಂದು. ಭಾವ ಸಲಾಮಿಗೆ ಉತ್ತರ ಕೊಟ್ಟು ಹೊರಗೆ ಹೋದರು. ಅದನ್ನು ಅವರ ತಪ್ಪೆನ್ನುವ ಹಕ್ಕು ನಮಗಿಲ್ಲ. ಸಂಬಂಧ ಕಡಿದವರೊಂದಿಗೂ ಅದನ್ನು ಜೋಡಿಸುವವನೇ ನಿಜವಾಗಿ ಜೋಡಿಸುವವನು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಗೌರವ ಆಪಾಗೆ ಸಲ್ಲುತ್ತದೆ, ನಮಗಲ್ಲ. ಕಡಿದವರು ನಾವು.

ಎಲ್ಲವೂ ಸರಿಹೋಯಿತೆಂದು ಹೇಳುವ ಸ್ಥಿತಿ ಇನ್ನೂ ಬಂದಿಲ್ಲ. ತಮ್ಮ ಒಪ್ಪಿದ್ದಾನೆ, ಅರೆಮನಸ್ಸಿನಿಂದ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ, ಆಪಾಳ ಹೆಸರೂ ಅಮ್ಮನ ಹೆಸರೂ ಸೇರಿಸಿ. ಹದಿನಾಲ್ಕು ಗುಂಟೆಯನ್ನು ನೀವೇ ಮಾಡಿ, ಗುತ್ತಿಗೆ ಹಣ ಕೊಡಿ ಎಂದು ಆಪಾ ಹೇಳಿದ್ದಾಳೆ. ಕೊಡುತ್ತೇವೆ, ಹಿಂದಿನ ಮೂರು ಬೆಳೆಯದ್ದನ್ನೂ ಸೇರಿಸಿ, ಇನ್‌ಶಾ ಅಲ್ಲಾಹ್. ಮುಂದಿನ ಹುಳು ಹಣ್ಣಾಗುವಾಗ ಬರುತ್ತೇನೆಂದು ಮಗುವಿಗೆ ಮಾತು ಕೊಟ್ಟಿದ್ದಾಳೆ. ಮಗು ದಿನ ಎಣಿಸುತ್ತಿದೆ.

ನಿಮ್ಮಲ್ಲಿ ಯಾರ ಮನೆಯಲ್ಲಿ ತಂದೆಯ ಹೆಸರಿನ ಖಾತೆ ಇನ್ನೂ ಹಾಗೆಯೇ ಇದೆಯೋ, ಅಥವಾ ಅಕ್ಕತಂಗಿಯರ ಸಹಿ ಪಡೆದು ಮುಗಿಸಿದ್ದೀರೋ, ಅಸರ್ ನಮಾಜಿನ ನಂತರ ಬನ್ನಿ. ಇಂದೂ ನಾಳೆಯೂ ಮಗ್ರಿಬ್‌ವರೆಗೆ ಮಸೀದಿಯಲ್ಲೇ ಕೂತಿರುತ್ತೇವೆ. ಪಹಣಿಯ ಪ್ರತಿ ತನ್ನಿ, ಮನೆಯವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಹೆಣ್ಣುಮಕ್ಕಳ ಹೆಸರು ಬಿಡದೆ ಬರೆಯಿರಿ.