ಸೈಕಲ್ ಸವಾರನೂ ಮೋಟಾರಿನ ಯಜಮಾನನೂ



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಸೈಕಲ್ಲಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾಡುನುಡಿಗಳ ಮಾತನ್ನು ನಮಗಿಂತ ಬಲ್ಲವರು ಆಗಲೇ ಆಡಿದ್ದಾರೆ. ನಾವು ಆಡಬೇಕೆಂದಿರುವುದು ಈ ಸಭಾಗೃಹದ ಬಾಗಿಲಿನಾಚೆ, ಭಿವಂಡಿಯ ಬೀದಿಯಲ್ಲಿ ದಿನವೂ ನಡೆಯುವ ವ್ಯವಹಾರದ ಮಾತು. ನಮ್ಮ ಹಿರಿಯರು ಹೊಟ್ಟೆಪಾಡಿಗಾಗಿ ಈ ಕಡೆಗೆ ಬಂದಾಗ ಹೋಟೆಲಿನ ತರಕಾರಿ, ಹಾಲಿನ ಕ್ಯಾನು ಎಲ್ಲವೂ ಸೈಕಲ್ಲಿನ ಮೇಲೆಯೇ ಬರುತ್ತಿದ್ದವು. ಇಂದು ನಮ್ಮಲ್ಲಿ ಅನೇಕರ ಮನೆಯ ಮುಂದೆ ಕಾರು ನಿಂತಿದೆ, ಸಂತೋಷವೇ. ಆದರೆ ಸೈಕಲ್ಲಿನಿಂದಿಳಿದು ಕಾರು ಹತ್ತಿದವನು ಸೈಕಲ್ಲಿನವನ ಭಯವನ್ನು ಬಹು ಬೇಗ ಮರೆಯುತ್ತಾನೆಂದು ನಮಗೆ ತೋರುತ್ತದೆ.

ಭಿವಂಡಿಯ ರಸ್ತೆಗಳ ಸ್ಥಿತಿ ತಮಗೆ ಹೇಳಬೇಕಾದುದಿಲ್ಲ. ಒಂದು ಕಡೆ ಮಗ್ಗಗಳ ಊರು. ಇನ್ನೊಂದು ಕಡೆ ಗೋದಾಮುಗಳ ಊರು. ಮಗ್ಗದ ಪಾಳಿ ಬಿಟ್ಟಾಗ ಕೂಲಿಕಾರರು ನಡೆದೂ ಸೈಕಲ್ಲಿನಲ್ಲಿಯೂ ಹೊರಡುತ್ತಾರೆ. ಅದೇ ಹೊತ್ತಿಗೆ ಮುಂಬಯಿ-ನಾಸಿಕ ಹೆದ್ದಾರಿಯಿಂದ ಮಾಣಕೋಲಿಯ ಬಳಿ ಇಳಿದ ಕಂಟೇನರ್ ಗಾಡಿಗಳು ಗೋದಾಮು ಹುಡುಕಿಕೊಂಡು ಬರುತ್ತವೆ. ಅಂಜೂರ್ ಫಾಟಾ, ಧಾಮಣಕರ ನಾಕಾ, ಕಲ್ಯಾಣ ನಾಕಾಗಳಲ್ಲಿ ಇವೆರಡೂ ಸೇರುವುದನ್ನು ನಿಂತು ನೋಡಿದರೆ ಎದೆ ನಡುಗುತ್ತದೆ. ಠಾಣೆಯಿಂದ ಕಶೇಳಿ, ಕಾಲ್ಹೇರ್ ಮಾರ್ಗವಾಗಿ ಬರುವ ರಸ್ತೆಯ ನಡುವೆ ಮೆಟ್ರೋ ಕಂಬಗಳೂ ಎದ್ದುನಿಂತಿವೆ. ಇಷ್ಟರ ಮಧ್ಯೆ ಸೈಕಲ್ಲಿನವನಿಗೆ ಉಳಿಯುವುದು ಎಡ ಅಂಚಿನ ಒಂದು ಮೊಳ ಜಾಗ. ಮಳೆಗಾಲದಲ್ಲಿ ಅದೂ ಹೊಂಡ.

ಮೊದಲು ಟ್ರೇಲರಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜೀವ ಹೋಗುವುದು ಇಲ್ಲಿ. ನಲವತ್ತು ಅಡಿಯ ಕಂಟೇನರ್ ಹೊತ್ತ ಗಾಡಿ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ. ಅದು ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ತಿರುವು ತೆಗೆದುಕೊಳ್ಳಲು ಚಾಲಕನು ಮೊದಲು ಗಾಡಿಯನ್ನು ಕೊಂಚ ಬಲಕ್ಕೆ ಎಳೆದಾಗ ಎಡಗಡೆ ಅಗಲವಾದ ಜಾಗ ತೆರೆದಂತೆ ಕಾಣುತ್ತದೆ. ಅವಸರದ ಸೈಕಲ್ಲಿನವನು ‘ದಾರಿ ಸಿಕ್ಕಿತು’ ಎಂದು ಅದರೊಳಗೆ ನುಗ್ಗುತ್ತಾನೆ. ಎತ್ತರದ ಕ್ಯಾಬಿನಿನಲ್ಲಿ ಕುಳಿತ ಚಾಲಕನಿಗೆ ಎಡಮಗ್ಗುಲಿನ ಕೆಳಗಿರುವವನು ಕಾಣುವುದೇ ಇಲ್ಲ. ಕ್ಲೀನರ್ ಹುಡುಗನಿದ್ದರೆ ಆ ಕಡೆಗೆ ಅವನೇ ಕಣ್ಣು. ಅವನಿಲ್ಲದ ಗಾಡಿಗೆ ಕನ್ನಡಿಯೊಂದೇ ಗತಿ. ಆದುದರಿಂದ ತಿರುಗಲಿರುವ ದೊಡ್ಡ ಗಾಡಿಯ ಎಡಕ್ಕೆ ಸೈಕಲ್ಲು ಎಂದಿಗೂ ಹೋಗಕೂಡದು. ಹಿಂದೆಯೇ ನಿಲ್ಲಬೇಕು, ಎರಡು ನಿಮಿಷ ತಡವಾದರೂ ಸರಿ. ಚಾಲಕನ ಮುಖ ಅವನ ಕನ್ನಡಿಯಲ್ಲಿ ನಮಗೆ ಕಾಣದಿದ್ದರೆ ನಾವೂ ಅವನಿಗೆ ಕಾಣುತ್ತಿಲ್ಲವೆಂದೇ ತಿಳಿಯಬೇಕು. ಇದನ್ನು ಮನೆಯ ಮಕ್ಕಳಿಗೂ ಅಂಗಡಿಯ ಹುಡುಗರಿಗೂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು ತೋರಿಸಬಹುದು.

ಕಾರಿನವರಿಗೂ ನಾವು ಎರಡು ಮಾತು ಹೇಳಬೇಕಾಗಿದೆ. ಸೈಕಲ್ಲಿನವನು ತಟ್ಟನೆ ಬಲಕ್ಕೆ ಬಂದನೆಂದು ಬಯ್ಯುವವರು ಅವನ ಮುಂದಿದ್ದ ಹೊಂಡವನ್ನು ನೋಡಿರುವುದಿಲ್ಲ. ಮುಂದೆ ಹೊಂಡವೋ ಕೆಸರೋ ನಿಂತ ರಿಕ್ಷಾವೋ ಇದ್ದರೆ ಅವನು ಬಲಕ್ಕೆ ಸರಿದೇ ಸರಿಯುವನೆಂದು ಲೆಕ್ಕ ಹಾಕಿಕೊಂಡೇ ಗಾಡಿ ಓಡಿಸಬೇಕು. ಇಂಗ್ಲೆಂಡಿನ ಹೆದ್ದಾರಿ ಸಂಹಿತೆಯಲ್ಲಿ 2022ರಲ್ಲಿ ಮಾಡಿದ ತಿದ್ದುಪಡಿಯಂತೆ, ಊರೊಳಗಿನ ವೇಗದಲ್ಲಿ ಸೈಕಲ್ಲನ್ನು ದಾಟುವಾಗಲೂ ಕನಿಷ್ಠ ಒಂದೂವರೆ ಮೀಟರು ಅಂತರ ಬಿಡಬೇಕು. ನಮ್ಮ ಕಲ್ಯಾಣ ರಸ್ತೆಯಲ್ಲಿ ಒಂದೂವರೆ ಮೀಟರು ಎಲ್ಲಿಂದ ತರುವುದೆಂದು ಕೇಳುವಿರಿ. ಜಾಗವಿಲ್ಲದಿದ್ದರೆ ದಾಟಬಾರದು, ಅಷ್ಟೆ. ಬೆನ್ನ ಹಿಂದೆಯೇ ಬಂದು ಹಾರನ್ ಬಾರಿಸುವುದಂತೂ ಕೂಡದು. ಬೆಚ್ಚಿಬಿದ್ದವನು ಯಾವ ಕಡೆಗೆ ವಾಲುವನೆಂದು ಯಾರೂ ಹೇಳಲಾರರು.

ಇನ್ನು ನಿಂತ ಕಾರಿನ ಬಾಗಿಲು. ರಸ್ತೆಯ ಬದಿಗೆ ಕಾರು ನಿಲ್ಲಿಸಿ ಬಲಬಾಗಿಲನ್ನು ದಡಾರನೆ ತೆರೆದರೆ ಹಿಂದಿನಿಂದ ಬರುವ ಸೈಕಲ್ಲು ಅದಕ್ಕೆ ಬಡಿಯುತ್ತದೆ. ಸವಾರ ಬಲಕ್ಕೆ, ಲಾರಿಯ ಹಾದಿಯಲ್ಲಿ ಬೀಳುತ್ತಾನೆ. ಹಾಲೆಂಡಿನವರಲ್ಲಿ ಇದಕ್ಕೊಂದು ಸುಲಭ ರೂಢಿಯುಂಟು. ಬಾಗಿಲಿಗೆ ದೂರವಾದ ಕೈಯಿಂದ ಅದನ್ನು ತೆರೆಯುವುದು. ನಮ್ಮ ದೇಶದ ಕಾರುಗಳಲ್ಲಿ ಬಲಗಡೆ ಕುಳಿತ ಚಾಲಕನು ಎಡಗೈಯಿಂದ ತೆರೆಯಬೇಕು. ಹಾಗೆ ಮಾಡಿದಾಗ ಮೈ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಖರ್ಚಿಲ್ಲ, ಕಾನೂನು ಬೇಕಿಲ್ಲ. ಆ ದೇಶದವರು ಹುಟ್ಟಿನಿಂದಲೇ ಸಾಧುಗಳೆಂದು ತಿಳಿಯಬೇಡಿರಿ. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆಯ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಗಳು ಬೀದಿಗಿಳಿದು ಗದ್ದಲವೆಬ್ಬಿಸಿದ ಮೇಲೆಯೇ ಸರಕಾರ ಸೈಕಲ್ಲಿಗೆ ಬೇರೆ ದಾರಿಗಳನ್ನು ಕಟ್ಟಲು ಮನಸ್ಸು ಮಾಡಿತು.

ಸೈಕಲ್ಲಿನವರದೂ ತಪ್ಪಿಲ್ಲವೆ? ಧಾರಾಳವಾಗಿ ಉಂಟು. ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರುವುದು ಇಲ್ಲಿ ರೂಢಿಯಾಗಿಬಿಟ್ಟಿದೆ. ಎದುರು ಬರುವವನಿಗೂ ಕಾರಿಗೂ ಇರುವ ಅಂತರ ಎರಡೂ ವೇಗಗಳು ಕೂಡಿ ಕರಗುತ್ತದೆ, ತಡೆಯಲು ಹೊತ್ತೇ ಸಿಗದು. ಕತ್ತಲಾದ ಮೇಲೆ ದೀಪವಿಲ್ಲ. ನಮ್ಮ ಹಿರಿಯರು ಹೇಳುವ ಕಾಲದಲ್ಲಿ ಊರಿನ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ದೀಪವಿಲ್ಲದೆ ಹೊರಟವನನ್ನು ಪೋಲೀಸರು ಹಿಡಿದು ದಂಡ ಹಾಕುತ್ತಿದ್ದರು, ಇಲ್ಲವೆ ಚಕ್ರದ ಗಾಳಿ ಬಿಡುತ್ತಿದ್ದರು. ಆ ಬಿಲ್ಲೆ ಹೋದದ್ದು ಒಳ್ಳೆಯದೇ. ದೀಪ ಹೋದದ್ದು ಒಳ್ಳೆಯದಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇವೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸುವುದು ಚಾಲಕನ ಕರ್ತವ್ಯವೆಂದು ವಿಧಿಸಿವೆ. ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ಅನೇಕರು ಹೆದರುತ್ತಾರೆ. 2019ರ ತಿದ್ದುಪಡಿಯೂ 2020ರ ನಿಯಮಗಳೂ ಆ ಭಯವನ್ನು ತೆಗೆದುಹಾಕಿವೆ. ಸಹಾಯ ಮಾಡಿದವನು ಹೆಸರು ಹೇಳಲೇಬೇಕೆಂದು ಪೋಲೀಸರು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಯೋಜನೆಯಂತೆ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ದೊರೆಯಬೇಕು.

ಗುದ್ದಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ ಪರಿಹಾರವುಂಟು. 2022ರ ಏಪ್ರಿಲ್ 1ರಿಂದ ಅದು ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ. ಅರ್ಜಿಯನ್ನು ಅಪಘಾತ ನಡೆದ ತಾಲೂಕಿನ ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಕೊಡಬೇಕು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಇಲ್ಲಿ ನಮ್ಮ ವೃತ್ತಿಯ ಒಂದು ಮಾತು. ಊರಿನಲ್ಲಿ ಹೆಂಡತಿ, ಇಲ್ಲಿ ದುಡಿಯುವ ಗಂಡ. ಅವಳ ಹೆಸರಿನಲ್ಲಿ ಖಾತೆಯಿಲ್ಲ, ಇದ್ದರೂ ಆಧಾರಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ತಾಳೆಯಿಲ್ಲ. ದುಃಖದ ದಿನಗಳಲ್ಲಿ ಆ ಹೆಣ್ಣುಮಗಳು ಕಾಗದ ತಿದ್ದಿಸಲು ಕಚೇರಿಗಳನ್ನು ಸುತ್ತಬೇಕಾಗುತ್ತದೆ. ನಿಮ್ಮ ಹೋಟೆಲು, ಅಂಗಡಿ, ಗೋದಾಮುಗಳಲ್ಲಿ ಸೈಕಲ್ಲಿನ ಮೇಲೆ ಓಡಾಡುವ ಹುಡುಗರಿದ್ದರೆ ಅವರ ಮನೆಯವರ ಖಾತೆ ಸರಿಯಿದೆಯೆ ಎಂದು ಈ ತಿಂಗಳೊಳಗೆ ವಿಚಾರಿಸಿರಿ. ಹಾಗೆಯೇ ಅವರ ಸೈಕಲ್ಲಿನ ಹಿಂಬದಿಯ ಮಡ್‌ಗಾರ್ಡಿಗೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿಕೊಡಿರಿ. ಒಂದು ಸುರುಳಿ ಪಟ್ಟಿಯಲ್ಲಿ ಹಲವು ಸೈಕಲ್ಲುಗಳಾಗುತ್ತವೆ. ಸಂಘದ ಕಾರ್ಯಕಾರಿ ಸಮಿತಿಯವರು ಕೆಲವು ಸುರುಳಿಗಳನ್ನು ತರಿಸಿಟ್ಟರೆ ಅಂಟಿಸುವ ಕೆಲಸಕ್ಕೆ ನಾವು ಭಾನುವಾರ ಬೆಳಿಗ್ಗೆ ಬರುತ್ತೇವೆ.