ಬೇಕು ಬೇರೆ, ಸಾಕು ಬೇರೆ



ಹೋದ ವಾರ ನನ್ನ ಮೊಮ್ಮಗಳು ಬ್ಯಾಂಕ್ ಪರೀಕ್ಷೆಯ ಪುಸ್ತಕ ಹಿಡಿದು ಬಂದಳು. “ತಾತ, ಈ ತರ್ಕದ ಪ್ರಶ್ನೆಗೆ ಎರಡು ಉತ್ತರವೂ ಸರಿ ಅನ್ನಿಸುತ್ತದೆ. ಯಾವುದಕ್ಕೆ ಗುರುತು ಹಾಕಲಿ?” ಎಂದಳು. ನಾನು ಎಸ್ಸೆಸ್ಸೆಲ್ಸಿ ಓದಿ ಗುಮಾಸ್ತನಾಗಿ ನಿವೃತ್ತನಾದವನು. ಈಗ ಆ ಕೆಲಸಕ್ಕೆ ಪದವಿ ಬೇಕು. ಪದವಿ ಇದ್ದರೆ ಸಾಕೆ? ಸಾಲದು. 2011ರಿಂದ ಐ.ಬಿ.ಪಿ.ಎಸ್. ಸಂಸ್ಥೆ ನಡೆಸುತ್ತಿರುವ ಸಾಮಾನ್ಯ ಪರೀಕ್ಷೆಯಲ್ಲೂ ಗೆಲ್ಲಬೇಕು. ನೋಡಿ, ಮೊಮ್ಮಗಳ ಗೊಂದಲವೂ ಇದೇ ಎರಡು ಮಾತಿನದು: ಬೇಕು, ಸಾಕು. ತಮಿಳಿನಲ್ಲಿ ಹೇಳುವುದಾದರೆ ವೇಂಡುಂ, ಪೋದುಂ.

ನಮ್ಮೂರಿನ ಆಲೂಗಡ್ಡೆಯನ್ನೇ ತೆಗೆದುಕೊಳ್ಳೋಣ. ಒಬ್ಬರು ಹೇಳುತ್ತಾರೆ: “ಈ ಹೊಲಕ್ಕೆ ಒಳ್ಳೆಯ ಬಿತ್ತನೆಗಡ್ಡೆ ಹಾಕಿದ್ದೇವೆ, ಆದ್ದರಿಂದ ಬೆಳೆ ಚೆನ್ನಾಗಿ ಬರುತ್ತದೆ.” ಕಾರಣಕ್ಕೂ ತೀರ್ಮಾನಕ್ಕೂ ನಡುವೆ ಬಾಯಿಬಿಟ್ಟು ಹೇಳದ ಮಾತೊಂದಿದೆ. ಅದನ್ನು ಗೃಹೀತ ಎನ್ನುತ್ತಾರೆ. ಪರೀಕ್ಷೆಯವರು ಎರಡು ಗೃಹೀತ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಒಂದು: “ಒಳ್ಳೆಯ ಗಡ್ಡೆ ಹಾಕಿದ ಎಲ್ಲ ಹೊಲಗಳಲ್ಲೂ ಬೆಳೆ ಚೆನ್ನಾಗಿ ಬರುತ್ತದೆ.” ಎರಡು: “ಅಂಗಮಾರಿ ರೋಗ ಈ ಬೆಳೆಯನ್ನು ಹಾಳುಮಾಡುವುದಿಲ್ಲ.”

ಮೊದಲನೆಯದನ್ನು ಒಪ್ಪಿದರೆ ತೀರ್ಮಾನ ತಪ್ಪುವಂತೆಯೇ ಇಲ್ಲ. ಅದು ಸಾಕು. ಲೋಕದಲ್ಲಿ ಅದು ನಿಜವೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಆದರೆ ಅದು ಬೇಕೇ? ಅದನ್ನು ಅಲ್ಲಗಳೆದು ನೋಡಿ. “ಎಲ್ಲ ಹೊಲಗಳಲ್ಲೂ” ಎಂಬುದರ ನಿರಾಕರಣೆ “ಯಾವ ಹೊಲದಲ್ಲೂ ಇಲ್ಲ” ಎಂದಲ್ಲ. “ಕೆಲವು ಹೊಲಗಳಲ್ಲಿ ಬರುವುದಿಲ್ಲ” ಎಂದಷ್ಟೇ. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಬೇರೆಲ್ಲೋ ಬೆಳೆ ಕೆಟ್ಟರೂ ಈ ಹೊಲದ್ದು ಚೆನ್ನಾಗಿ ಬರಬಹುದು. ಹಾಗಾಗಿ ಅದು ಬೇಕೇಬೇಕೆಂದಿಲ್ಲ.

ಈಗ ಎರಡನೆಯದನ್ನು ಅಲ್ಲಗಳೆಯಿರಿ. ಅಂಗಮಾರಿ ಬಂದು ಬೆಳೆ ಹಾಳಾಯಿತು ಎಂದರೆ ತೀರ್ಮಾನವೇ ಕುಸಿಯಿತು. ಆದ್ದರಿಂದ ಅದು ಬೇಕು. ಸಾಕೇ? ಸಾಲದು; ರೋಗ ಬಾರದಿದ್ದರೂ ಕಾಡುಹಂದಿ ಬರಬಹುದಲ್ಲ! “ಯಾವುದನ್ನು ಒಪ್ಪಿದರೆ ತೀರ್ಮಾನ ಸಿದ್ಧವಾಗುತ್ತದೆ?” ಎಂದು ಕೇಳಿದರೆ ಸಾಕಾಗುವುದನ್ನು ಹುಡುಕಿ. “ವಾದ ಯಾವುದನ್ನು ಅವಲಂಬಿಸಿದೆ?” ಎಂದು ಕೇಳಿದರೆ ಬೇಕಾದದ್ದನ್ನು ಹುಡುಕಿ.

ಇದೇನೂ ಹೊಸ ವಿದ್ಯೆಯಲ್ಲ. ಹೊಗೆ ಕಂಡರೆ ಬೆಂಕಿ ಇದೆಯೆನ್ನಲು ಸಾಕು ಎಂದು ನಮ್ಮ ನ್ಯಾಯಶಾಸ್ತ್ರದವರು ಹಿಂದೆಯೇ ಹೇಳಿದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಸೇರಬೇಕು.

ಈ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಬ್ಯಾಂಕಿನ ಕೌಂಟರಿನಲ್ಲಿ. ಒಮ್ಮೆ ಒಬ್ಬ ರೈತರು ಬೆಳೆ ಸಾಲಕ್ಕೆ ಬಂದರು. “ಚಿಟ್ಟಾ, ಅಡಂಗಲ್ ಬೇಕು” ಎಂದೆ. ಗಡಿಯಾಚೆಯವರು ಪಹಣಿ ಎನ್ನುತ್ತಾರಲ್ಲ, ಅಂಥ ಜಮೀನಿನ ಕಾಗದ. ಅಲೆದಾಡಿ ತಂದರು. ಆಗ, ಬೇರೆ ಬ್ಯಾಂಕಿನಲ್ಲಿ ಬಾಕಿಯಿಲ್ಲವೆಂಬ ಪತ್ರ ಕೇಳಿದೆ. ಅದನ್ನೂ ತಂದಾಗ ಜಾಮೀನುದಾರರನ್ನು ಕರೆತನ್ನಿ ಎಂದೆ. “ಮೊದಲೇ ಹೇಳಬಾರದಿತ್ತೇ ಸಾರ್?” ಎಂದರು. ಅಷ್ಟರಲ್ಲಿ ಬಿತ್ತನೆಯ ಹದ ಮೀರುತ್ತಿತ್ತು. ಅವರು ಕೈಸಾಲ ಮಾಡಿ ಗಡ್ಡೆ ಕೊಂಡರು. ಬಡ್ಡಿ ಕಟ್ಟುವುದರಲ್ಲೇ ಆ ವರ್ಷದ ಬೆಳೆ ಹೋಯಿತು. ನಾನು ಸುಳ್ಳು ಹೇಳಿರಲಿಲ್ಲ. ನಾನು ಬೇಕು ಎಂದೆ, ಅವರು ಸಾಕು ಎಂದು ತಿಳಿದರು. ಬಿಡಿಸಿ ಹೇಳಬೇಕಾದವನು ನಾನೇ ಆಗಿದ್ದೆ.

ಪರೀಕ್ಷೆಯಲ್ಲಿ ಇದು ತಪ್ಪಿದರೆ ಒಂದು ಅಂಕ ಹೋದೀತು; ಬಾಳಿನಲ್ಲಿ ಒಂದು ಬೆಳೆಯೇ ಹೋದೀತು. ಆದ್ದರಿಂದ ಯಾವ ಕಚೇರಿಯಲ್ಲಾದರೂ “ಇದು ಬೇಕು” ಎಂದರೆ ಸುಮ್ಮನೆ ಹಿಂತಿರುಗಬೇಡಿ. “ಇದೊಂದೇ ಸಾಕೆ?” ಎಂದು ಕೇಳಿ. ಅವರಿಗೆ ಕನ್ನಡ ಬಾರದಿದ್ದರೆ “ಇದು ಪೋದುಮಾ?” ಎನ್ನಿ. ಕೌಂಟರಿನ ಆಚೆ ಕುಳಿತವರಿಗೂ ನನ್ನದೊಂದು ಮಾತು: ಅವರು ಕೇಳುವ ಮೊದಲೇ ನೀವು ಹೇಳಿಬಿಡಿ.