ಶಿಶುಗಳ ರಜೆಯೂ ಎಣಿಕೆಯ ಆಟವೂ

ಬೇಸಗೆಯ ರಜೆ ಬಂದಿತೆಂದರೆ ಬೆಳಗಾವಿಯ ಮನೆಗಳಲ್ಲಿ ನೆಂಟರಿಷ್ಟರ ಬರುವು ಹೆಚ್ಚುವುದು. ಬಂದವರ ಮುಂದೆ ಮನೆಯ ಚಿಕ್ಕ ಮಗುವನ್ನು ನಿಲ್ಲಿಸಿ, ಒಂದರಿಂದ ನೂರರವರೆಗೆ ಒಪ್ಪಿಸುವಂತೆ ಹೇಳುವುದು ಒಂದು ಸಂಪ್ರದಾಯವೇ ಆಗಿದೆ. ಮಗು ಉಸಿರು ಕಟ್ಟಿ ಒಪ್ಪಿಸುತ್ತದೆ, ತಾಯಿತಂದೆಗಳು ಹಿಗ್ಗುತ್ತಾರೆ. ಆ ಹಿಗ್ಗನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅದೇ ಮಗುವಿಗೆ, "ಒಳಗಿನಿಂದ ನಾಲ್ಕು ಚಮಚ ತಗೊಂಡು ಬಾರಪ್ಪ" ಎಂದು ಹೇಳಿ ನೋಡಿರಿ. ಎಷ್ಟೋ ವೇಳೆ ಅದು ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಬರುವುದು. ನೂರನ್ನು ಬಲ್ಲ ನಾಲಗೆಯೂ ನಾಲ್ಕನ್ನು ಅರಿಯದ ಕೈಯೂ ಒಂದೇ ಮಗುವಿನಲ್ಲಿ ಇರಬಹುದು.

ಕಾಲೇಜಿನಲ್ಲಿ ಪಾಠ ಹೇಳತಕ್ಕ ನಾವು, ಗಣಿತವೆಂದೊಡನೆ ಮುಖ ಬಾಡಿಸುವ ತರುಣರನ್ನು ಪ್ರತಿವರ್ಷವೂ ಕಾಣುತ್ತೇವೆ. ಆ ಭಯಕ್ಕೆ ಕಾರಣಗಳು ಹಲವು. ಅರ್ಥವಿಲ್ಲದ ಬಾಯಿಪಾಠವನ್ನು ಬಹಳ ಮುಂಚೆ ಹೇರುವುದೂ ಅವುಗಳಲ್ಲೊಂದೆಂದು ನಮ್ಮ ಅಭಿಪ್ರಾಯ. ಆದುದರಿಂದ ಮೂರರಿಂದ ಆರು ವರ್ಷದ ಮಕ್ಕಳ ರಜೆಯನ್ನು ಪಾಟಿ ಬಳಪಗಳಿಗೆ ಒಪ್ಪಿಸದೆ, ಅವರ ಕೈಗಳಿಗೆ ಒಪ್ಪಿಸಬೇಕೆಂದು ಈ ಹೊತ್ತು ಬಿನ್ನವಿಸುತ್ತೇವೆ.

ಎಣಿಸುವುದೆಂದರೇನು? ಅಮೆರಿಕದ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಐದು ನಿಯಮಗಳಾಗಿ ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ. ಯಾವ ವಸ್ತುವನ್ನಾದರೂ ಎಣಿಸಬಹುದು. ಎಣಿಕೆಯನ್ನು ಯಾವ ಕಡೆಯಿಂದಾದರೂ ಪ್ರಾರಂಭಿಸಬಹುದು. ಬಾಯಿಪಾಠವು ಇವುಗಳಲ್ಲಿ ಎರಡನೆಯದನ್ನು ಮಾತ್ರ ಕಲಿಸಬಲ್ಲದು. ಮಿಕ್ಕ ನಾಲ್ಕನ್ನು ವಸ್ತುಗಳನ್ನು ಮುಟ್ಟಿ, ಎತ್ತಿ, ಇಟ್ಟು ಕಲಿಯಬೇಕು.

ಊಟಕ್ಕೆ ತಟ್ಟೆ ಹಾಕುವ ಕೆಲಸವನ್ನು ಮಗುವಿಗೆ ಬಿಡಿರಿ. ಅಜ್ಜನಿಗೊಂದು, ಅಜ್ಜಿಗೊಂದು, ಅವ್ವನಿಗೊಂದು ಎಂದು ಹಾಕುತ್ತ ಹೋದಾಗ ಮೊದಲನೆಯ ನಿಯಮವು ತಾನಾಗಿ ಮನಸ್ಸಿಗೆ ಇಳಿಯುವುದು. ಒಂದು ತಟ್ಟೆ ಕಡಮೆ ಬಿದ್ದರೆ ನೀವು ತಿದ್ದಬೇಕಾಗಿಲ್ಲ; ತಟ್ಟೆಯಿಲ್ಲದೆ ಕುಳಿತ ಅಜ್ಜನೇ ಲೆಕ್ಕವನ್ನು ತಿದ್ದುವನು.

ತಪ್ಪನ್ನು ವಸ್ತುವೇ ತೋರಿಸಿಕೊಡಬೇಕೆಂಬುದು 1939ರಲ್ಲಿ ಭರತಖಂಡಕ್ಕೆ ಬಂದು ಅನೇಕ ವರ್ಷ ಇಲ್ಲಿದ್ದ ಇಟಲಿಯ ಮರಿಯಾ ಮಾಂಟೆಸ್ಸೊರಿಯವರ ಪದ್ಧತಿಯ ಒಂದು ತಿರುಳು. ಅವರ ಸಾಧನಗಳಲ್ಲಿ ಕದಿರುಗಳ ಪೆಟ್ಟಿಗೆ ಒಂದುಂಟು. ಅದನ್ನು ಕೊಳ್ಳುವ ಅಗತ್ಯವಿಲ್ಲ. ಬೆಳಗಾವಿಗೆ ನೆರೆಯ ಖಾನಾಪುರವು ಮಣ್ಣಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೂ ಅಲ್ಲಿಗೆ ಬಂದಿತು. ಹತ್ತು ಪುಟ್ಟ ಮಣ್ಣಿನ ಕುಡಿಕೆಗಳನ್ನು ತಂದು ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆಯಿರಿ. ಅಂಕಿಯನ್ನು ಅರಿಯದ ಮಗುವಿಗಾಗಿ ಅಷ್ಟೇ ಚುಕ್ಕಿಗಳನ್ನೂ ಇಡಿರಿ. ಮಗುವಿನ ಕೈಗೆ ಎಣಿಸಿದ 45 ಹುಣಸೆಬೀಜಗಳನ್ನು ಕೊಡಿರಿ. ಪ್ರತಿ ಕುಡಿಕೆಗೂ ಅದರದರ ಅಂಕಿಯಷ್ಟು ಬೀಜ ಬಿದ್ದರೆ ಕೊನೆಗೆ ಒಂದೂ ಮಿಗದು, ಒಂದೂ ಸಾಲದೆ ಹೋಗದು. ಏಕೆಂದರೆ ಒಂದರಿಂದ ಒಂಬತ್ತರವರೆಗಿನ ಮೊತ್ತವೇ 45. ಸೊನ್ನೆಯ ಕುಡಿಕೆ ಮಾತ್ರ ಬರಿದು. ಏನೂ ಇಲ್ಲದುದಕ್ಕೂ ಒಂದು ಸ್ಥಾನವುಂಟೆಂಬ ದೊಡ್ಡ ಮಾತನ್ನು ಆ ಬರಿದಾದ ಕುಡಿಕೆ ಸದ್ದಿಲ್ಲದೆ ಹೇಳುವುದು.

ಅದೇ ಊರಿನ ಮಣ್ಣಿನಿಂದ ಮತ್ತೊಂದು ಆಟವನ್ನು ಹೂಡಬಹುದು. ಸಮನಾದ ಎರಡು ಉಂಡೆಗಳನ್ನು ಮಾಡಿ, ಒಂದನ್ನು ಹಾವಿನಂತೆ ಉದ್ದಕ್ಕೆ ಹೊಸೆಯಿರಿ. ಯಾವುದರಲ್ಲಿ ಮಣ್ಣು ಹೆಚ್ಚೆಂದು ಕೇಳಿದರೆ ಎಳೆಯ ಮಗು ಸಾಮಾನ್ಯವಾಗಿ ಹಾವನ್ನೇ ತೋರಿಸುವುದು. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ಪ್ರಾಜ್ಞರು ಮಕ್ಕಳ ಇಂಥ ಉತ್ತರಗಳನ್ನು ಗೇಲಿಮಾಡದೆ, ಅವು ಬುದ್ಧಿ ಬೆಳೆಯುವ ಮೆಟ್ಟಿಲುಗಳೆಂದು ತಿಳಿದು ಪರೀಕ್ಷಿಸಿದರು. ನಾವೂ "ತಪ್ಪು" ಎಂದು ಗದರದೆ, ಹಾವನ್ನು ಮತ್ತೆ ಉಂಡೆಮಾಡಲು ಹೇಳಿ ಸುಮ್ಮನಿರಬೇಕು. ಉತ್ತರವು ಈ ವರ್ಷ ಬಾರದಿದ್ದರೆ ಬರುವ ವರ್ಷ ಬಂದೀತು.

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವಾಗ ನಡುವೆ ದೇಸೂರು, ಇದಲಹೊಂಡ ಎಂಬ ಎರಡು ನಿಲ್ದಾಣಗಳು ಬರುತ್ತವೆ. ಹೊರಡುವಾಗ ಮಗುವಿನ ಕೈಯಲ್ಲಿ ಮೂರು ಕವಡೆಗಳನ್ನಿಟ್ಟು, ಒಂದೊಂದು ನಿಲ್ದಾಣಕ್ಕೆ ಒಂದೊಂದನ್ನು ಹಿಂದೆ ಕೊಡುವಂತೆ ಹೇಳಿರಿ. ನಡುವಿನ ನಿಲ್ದಾಣಗಳು ಎರಡು, ಆದರೆ ಖಾನಾಪುರವು ಮೂರನೆಯದು. "ಎಷ್ಟು" ಎಂಬುದಕ್ಕೂ "ಎಷ್ಟನೆಯದು" ಎಂಬುದಕ್ಕೂ ಇರುವ ಭೇದವನ್ನು ಇದಕ್ಕಿಂತ ಸುಲಭವಾಗಿ ತಿಳಿಸುವುದು ಕಷ್ಟ.

ಈ ಪ್ರಾಂತದಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿನ ಮಗುವು ಮನೆಯಲ್ಲಿ ಐದು ಎಂದರೆ, ನೆರೆಮನೆಯಲ್ಲಿ ಪಾಚ್ ಎಂದೂ ಶಾಲೆಯಲ್ಲಿ ಫೈವ್ ಎಂದೂ ಕೇಳುತ್ತದೆ. ಇದರಿಂದ ಮಗು ಗಲಿಬಿಲಿಗೊಳ್ಳುವುದೆಂದು ಕೆಲವರು ಅಂಜುತ್ತಾರೆ. ಹೆಸರು ಮೂರಾದರೂ ಕೈಯ ಬೆರಳು ಐದೇ ಎಂದು ಕಂಡ ಮಗುವಿಗೆ, ಸಂಖ್ಯೆಯೇ ಬೇರೆ, ಅದರ ಹೆಸರೇ ಬೇರೆ ಎಂಬ ತತ್ತ್ವವು ಮುಂಚೆಯೇ ಹೊಳೆದೀತು. ಹಿರಿಯ ಮಕ್ಕಳಿಗೆ ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿಕೊಡಿರಿ. ಕನ್ನಡದ ಹತ್ತೊಂಬತ್ತು ಒಂದು ಕಟ್ಟೂ ಒಂಬತ್ತು ಬಿಡಿ ಕಡ್ಡಿಗಳೂ ಆಗುತ್ತದೆ. ಮರಾಠಿಯ ಏಕೋಣೀಸವು ಇಪ್ಪತ್ತಕ್ಕೆ ಒಂದು ಕಡಮೆ. ಎಂದರೆ ಎರಡು ಕಟ್ಟುಗಳಲ್ಲಿ ಒಂದು ಕಡ್ಡಿಯನ್ನು ತೆಗೆದದ್ದು. ಕಡ್ಡಿ ಹಿಡಿದ ಕೈಗೆ ಇವೆರಡೂ ಒಂದೇ ಎಂದು ತಿಳಿಯುವುದು. ಭಾಷೆಗಳ ವಿಷಯದಲ್ಲಿ ಹಿರಿಯರು ವಾದಿಸುವ ಊರಿನಲ್ಲಿ ಮಕ್ಕಳ ಲೆಕ್ಕವಾದರೂ ಹೀಗೆ ಹೊಂದಿಕೊಳ್ಳಲಿ.

ಎಚ್ಚರಿಕೆಯ ಎರಡು ಮಾತು. ಬೀಜ, ಕವಡೆಗಳನ್ನು ಬಾಯಿಗೂ ಮೂಗಿಗೂ ಹಾಕಿಕೊಳ್ಳುವ ವಯಸ್ಸಿನ ಕೂಸುಗಳಿಗೆ ಅವನ್ನು ಕೊಡಬಾರದು. ಅವರಿಗೆ ಲೋಟ ಬಟ್ಟಲುಗಳೇ ಸಾಕು. ಮಿಕ್ಕವರು ಆಡುವಾಗಲೂ ಹಿರಿಯರೊಬ್ಬರು ಪಕ್ಕದಲ್ಲಿರಬೇಕು. ಖಾನಾಪುರದ ಕಡೆಯ ತೋಟಗಳಿಂದ ಬರುವ ಹಸಿ ಗೇರುಬೀಜವು ಎಣಿಕೆಗೆ ಸರ್ವಥಾ ಸಲ್ಲದು. ಅದರ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿಯ ಹಂತವೆಂದು ಗಣಿಸಿ, ಆಟಕ್ಕೆ ಅದರಲ್ಲಿ ಪ್ರಧಾನ ಸ್ಥಾನ ಕೊಟ್ಟಿದೆ. ಆದರೆ ನೀತಿಯು ಮನೆಯ ಪಡಸಾಲೆಗೆ ಇಳಿದು ಬರಬೇಕಾದರೆ ನಾವು ದಿನಕ್ಕೆ ಹತ್ತು ಹದಿನೈದು ನಿಮಿಷವನ್ನಾದರೂ ಕೊಡಬೇಕು. ಮಗು ಸಾಕೆಂದಾಗ ನಾವೂ ಸಾಕೆನ್ನಬೇಕು. ಮುಂದಿನ ಸಲ ನೆಂಟರು ಬಂದಾಗ ನೂರರವರೆಗೆ ಒಪ್ಪಿಸುವಂತೆ ಕೇಳದೆ, ಅವರಿಗೆಲ್ಲ ಒಂದೊಂದು ತುಂಡು ಕುಂದಾ ಹಂಚುವ ಕೆಲಸವನ್ನು ಮಗುವಿಗೆ ವಹಿಸಿರಿ. ಎಲ್ಲರಿಗೂ ಸಂದು ತನಗೂ ಒಂದು ಉಳಿದರೆ, ಆ ಮಗುವಿಗೆ ಗಣಿತ ಬಂದಿತೆಂದೇ ತಿಳಿಯಬಹುದು.